ಗೀಚು ಎಂದು ನೀವು ಅಳಿಸಿದ ಹಳದಿ ಗೆರೆ

ಮಾನ್ಯ ಮುಖ್ಯ ವಾಹನ ತಪಾಸಣಾಧಿಕಾರಿಗಳೇ,

ನಿಮ್ಮ ವಿಚಾರಣಾ ವರದಿಯ ನಾಲ್ಕನೇ ಪುಟದಲ್ಲಿ ಒಂದು ಸುಳ್ಳಿದೆ. ‘ಹೊರಡುವ ಮುನ್ನ ಚಾಲಕನು ಚಕ್ರಗಳನ್ನು ಪರೀಕ್ಷಿಸದೆ ನಿರ್ಲಕ್ಷ್ಯ ತೋರಿದ್ದೇ ಅವಘಡಕ್ಕೆ ಕಾರಣ’ ಎಂದು ಬರೆದು ಕೆಳಗೆ ರುಜು ಹಾಕಿದ್ದೀರಿ. ಆ ಒಂದು ವಾಕ್ಯದ ಮೇಲೆ ಬರುವ ಸೋಮವಾರ ಒಬ್ಬ ಮನುಷ್ಯನನ್ನು ಕೆಲಸದಿಂದ ತೆಗೆಯಲಿದ್ದೀರಿ, ಮೊಕದ್ದಮೆಯನ್ನೂ ಹೂಡಲಿದ್ದೀರಿ. ಆ ಬಸ್ಸಿನಿಂದ ಕಳಚಿದ ಚಕ್ರಕ್ಕೆ ಸಿಕ್ಕಿ ಸತ್ತವಳು ನನ್ನ ಅಕ್ಕ. ಆ ಚಕ್ರವನ್ನು ಕೂಡಿಸಿದವನು ನಾನು. ಹಾಗಾಗಿ ಈ ವಿಷಯದಲ್ಲಿ ನಿಮಗಿಂತ ಒಂದೆರಡು ಮಾತು ಹೆಚ್ಚಿಗೆ ಆಡಬಹುದು ಎಂದುಕೊಂಡಿದ್ದೇನೆ.

ನಾನು ಬಸ್ ಡಿಪೋದ ಚಕ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫಿಟ್ಟರ್. ಜೊತೆಯವರು ಚಕ್ರಪಾಣಿ ಎಂದು ಕರೆಯುತ್ತಾರೆ. ಕೈಯಲ್ಲಿ ಸದಾ ಚಕ್ರವಿರುತ್ತದೆ ಎನ್ನುವುದಷ್ಟೇ ಹೋಲಿಕೆ, ಪವಾಡ ಒಂದೂ ಬರುವುದಿಲ್ಲ. ನಮ್ಮ ಬಸ್ಸಿಗೆ ಆರು ಚಕ್ರ, ಒಂದೊಂದಕ್ಕೆ ಹತ್ತು ನಟ್ಟು. ಅರುವತ್ತು ನಟ್ಟುಗಳಲ್ಲಿ ಯಾವುದು ಸಡಿಲವಾಗುತ್ತಿದೆ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ಬಿಗಿದಾದ ಮೇಲೆ ನಟ್ಟಿನಿಂದ ಚಕ್ರದವರೆಗೆ ಹಳದಿ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯುತ್ತೇವೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಡ್ರೈವರು ಬೆಳಿಗ್ಗೆ ಬಸ್ಸಿನ ಸುತ್ತ ಒಂದು ಸುತ್ತು ಬಂದರೆ ಸಾಕು. ಇದನ್ನು ನನಗೆ ಕಲಿಸಿದ ಹಿರಿಯ ಫಿಟ್ಟರಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಆ ಗೆರೆಯನ್ನು ಅವರಷ್ಟು ಚೆನ್ನಾಗಿ ಓದಿದವರನ್ನು ನಾನು ಕಂಡಿಲ್ಲ.

ಕಳೆದ ವರ್ಷದ ತಪಾಸಣೆಯಲ್ಲಿ ತಾವು ಒಂದು ಚಕ್ರದ ಮುಂದೆ ನಿಂತು, “ಇದೇನ್ರೀ, ಚಕ್ರದ ಮೇಲೆಲ್ಲ ಯಾರು ಗೀಚಿರೋದು?” ಎಂದು ಕೇಳಿದ್ದು ನೆನಪಿದೆಯೇ? ನಾನು ಬಾಯಿ ತೆರೆದೆ. ಫೋರ್‌ಮನ್ ನನ್ನ ತೋಳು ಹಿಡಿದು, “ಸುಮ್ನಿರಯ್ಯ, ದೊಡ್ಡೋರ ಎದುರು ಪಾಠ ಒಪ್ಪಿಸಬೇಡ” ಎಂದು ಪಿಸುಗುಟ್ಟಿದರು. ನಾನು ಸುಮ್ಮನಾದೆ. ಅರ್ಧ ನಿಮಿಷದ ಮಾತು. ಅದನ್ನು ಆಡದ ತಪ್ಪನ್ನು ಇವತ್ತು ಮೂರು ಪುಟ ಬರೆದು ತೀರಿಸಲು ನೋಡುತ್ತಿದ್ದೇನೆ, ತೀರುತ್ತಿಲ್ಲ.

ಈ ವರ್ಷ ತಮ್ಮ ಸುತ್ತೋಲೆ ಬಂತು. ‘ತಪಾಸಣೆಗೆ ಮುನ್ನ ಎಲ್ಲ ಚಕ್ರಗಳಿಗೂ ಬೆಳ್ಳಿ ಬಣ್ಣ ಬಳಿಯತಕ್ಕದ್ದು. ಗೀಚು, ಕಲೆ ಇತ್ಯಾದಿಗಳನ್ನು ಅಳಿಸತಕ್ಕದ್ದು.’ ತಪಾಸಣೆ ನಾಲ್ಕನೇ ತಾರೀಖು. ಅರುವತ್ತೆರಡು ಬಸ್ಸು, ಮೂರು ದಿನ. ಸ್ಪ್ಯಾನರ್ ಹಿಡಿಯುವವರೆಲ್ಲ ಬ್ರಷ್ ಹಿಡಿದೆವು. ಚಕ್ರ ಬಿಚ್ಚಿ ಒಳಗೂ ಹೊರಗೂ ಬಳಿದು, ಪೂರ್ತಿ ಒಣಗುವ ಮೊದಲೇ ಮತ್ತೆ ಕೂಡಿಸಿದೆವು. ಲೋಹಕ್ಕೆ ಲೋಹ ಒತ್ತಿ ಕೂತರೆ ಬಿಗಿ ನಿಲ್ಲುತ್ತದೆ. ನಡುವೆ ದಪ್ಪ ಬಣ್ಣ ಬಂದರೆ ಅದು ಓಟದ ಬಿಸಿಗೆ ಸವೆಯುತ್ತದೆ, ಸವೆದಷ್ಟು ಜಾಗ ಖಾಲಿಯಾಗುತ್ತದೆ, ನಟ್ಟು ತಾನಾಗಿ ತಿರುಗತೊಡಗುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಳಿದೆ. ಮೇಲೆ ಥಳುಕು, ಒಳಗೆ ಹುಳುಕು ಎನ್ನುತ್ತಾರಲ್ಲ, ಆ ಥಳುಕಿನ ಡಬ್ಬಿ ನನ್ನ ಕೈಯಲ್ಲೇ ಇತ್ತು.

ಮೂರೇ ದಿನ ತಾನೇ, ಸಾಹೇಬರು ಬಂದು ಹೋದ ಮೇಲೆ ಎಲ್ಲವನ್ನೂ ಮತ್ತೆ ಬಿಗಿದು ಗೆರೆ ಎಳೆದರಾಯಿತು ಎಂದುಕೊಂಡಿದ್ದೆ. ತಾವು ನಾಲ್ಕರಂದು ಬರಲಿಲ್ಲ. ಒಂಬತ್ತಕ್ಕೆ ಮುಂದೂಡಿದಿರಿ. ಒಂಬತ್ತರಂದೂ ಬರಲಿಲ್ಲ, ಹದಿನೈದು ಎಂದಿರಿ. ಅಲ್ಲಿಯವರೆಗೆ ಚಕ್ರಗಳ ಮೇಲೆ ಬೆರಳಿನ ಗುರುತೂ ಬೀಳಬಾರದೆಂದು ಅಪ್ಪಣೆಯಾಯಿತು. ತಮಗೆ ಏನು ಕೆಲಸವಿತ್ತೋ ನಾನು ಕೇಳುವುದಿಲ್ಲ. ತಮ್ಮ ದಿನಚರಿಯಲ್ಲಿ ಎರಡು ಸಾಲು ಆಚೀಚೆಯಾದವು, ಅಷ್ಟೆ.

ಈಗ ಅಕ್ಕನ ವಿಷಯ. ಡಿಪೋದ ಇಳಿಜಾರು ರಸ್ತೆಯಲ್ಲಿ, ಗೇಟಿನಿಂದ ನೂರು ಹೆಜ್ಜೆ ಈಚೆಗೆ ಅವಳ ಹೊಲಿಗೆ ಅಂಗಡಿ. ಬೆಳಕಿಗೆಂದು ಮಿಷನ್ನನ್ನು ಬಾಗಿಲಿಗೇ ಹಾಕಿಕೊಂಡಿದ್ದಳು. ನಮ್ಮ ಡಿಪೋದವರ ಸಮವಸ್ತ್ರಗಳ ಹರಿದ ಜೇಬು, ಕಿತ್ತ ಗುಂಡಿ ಎಲ್ಲ ಅವಳ ಪಾಲಿಗೆ. ನನಗೆ ಒಂಬತ್ತು ತುಂಬುವ ಹೊತ್ತಿಗೆ ಅಮ್ಮ ಹೋದಳು. ಆಮೇಲೆ ನನಗೆ ಊಟ ಹಾಕಿದವಳು, ಹೊಡೆದವಳು, ಹೊಡೆದು ತಾನೇ ಅತ್ತವಳು ಅವಳು. ನನ್ನ ಮೊದಲ ಸಮವಸ್ತ್ರದ ತೋಳನ್ನು ಎರಡು ಇಂಚು ಉದ್ದವಿಟ್ಟು, “ಇನ್ನೂ ಬೆಳೀತೀಯ ಬಿಡೋ” ಎಂದಿದ್ದಳು. ನನಗಾಗ ಇಪ್ಪತ್ತನಾಲ್ಕು ವರ್ಷ.

ಬಸ್ಸುಗಳು ಅವಳ ಮುಂದೆಯೇ ಹಾದುಹೋಗುತ್ತಿದ್ದವಲ್ಲ, ಎರಡೇ ದಿನಕ್ಕೆ ಗಮನಿಸಿಬಿಟ್ಟಳು.

“ಏನೋ, ಚಕ್ರದ ಮೇಲೆ ನೀನು ಎಳೀತಿದ್ದ ಹಳದಿ ಗೆರೆ ಕಾಣ್ತಾನೇ ಇಲ್ಲ?”

“ತಪಾಸಣೆ ಇದೆ ಅಕ್ಕ. ಸಾಹೇಬ್ರು ಬಂದು ಹೋಗ್ಲಿ, ಆಮೇಲೆ ಹಾಕ್ತೀನಿ.”

“ನಾನು ಬಟ್ಟೆ ಮೇಲಿನ ಗುರುತು ಅಳಿಸಿಬಿಟ್ಟು ಕತ್ತರಿ ಹಾಕ್ತೀನೇನೋ? ನಿಮ್ ಸಾಹೇಬ್ರಿಗೆ ಹೊಲಿಗೆ ಕಲಿಸಬೇಕು, ಕಳಿಸು ಒಂದ್ಸಲ” ಎಂದು ನಕ್ಕಳು. ನಾನೂ ನಕ್ಕೆ.

ಹದಿಮೂರನೇ ತಾರೀಖು ಸಂಜೆ ನಾಲ್ಕರ ಹೊತ್ತಿಗೆ ಒಂದು ಬಸ್ಸು ಡಿಪೋಗೆ ಮರಳುತ್ತಿತ್ತು. ಇಳಿಜಾರಿನಲ್ಲಿ ಅದರ ಹಿಂದಿನ ಎಡಗಡೆಯ ಹೊರ ಚಕ್ರ ಕಳಚಿಕೊಂಡು ಬಸ್ಸಿಗಿಂತ ಮುಂದೆ ಓಡಿತು. ಆ ಚಕ್ರ ಸುಮಾರು ನೂರು ಕಿಲೋ ತೂಗುತ್ತದೆ. ಅಕ್ಕ ಯಾವುದೋ ಕಂಡಕ್ಟರನ ಜೇಬು ಹೊಲಿಯುತ್ತ ತಲೆ ಬಗ್ಗಿಸಿದ್ದಳಂತೆ. ನಾನು ಓಡಿ ಬಂದಾಗ ಚಕ್ರ ಅಂಗಡಿಯೊಳಗೆ ಮಲಗಿತ್ತು, ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಅದಕ್ಕಿಂತ ಹೆಚ್ಚಿಗೆ ನಾನು ಬರೆಯಲಾರೆ. ಈಗ ಆ ರಸ್ತೆಯಲ್ಲಿ ಡಿಪೋಗೆ ಹೋಗಲು ನನಗೆ ಆಗುವುದಿಲ್ಲ, ಹಿಂದಿನ ಗೋಡೆಯ ಸಂದಿಯಿಂದ ನುಸುಳಿ ಹೋಗುತ್ತೇನೆ.

ಹದಿನೈದಕ್ಕೆ ತಾವು ತಪ್ಪದೆ ಬಂದಿರಿ. ತಪಾಸಣೆಯೂ ಆಯಿತು, ವಿಚಾರಣೆಯೂ ಆಯಿತು, ಒಂದೇ ಓಡಾಟದಲ್ಲಿ ಎರಡು ಕೆಲಸ. ತಪಾಸಣಾ ಪುಸ್ತಕದಲ್ಲಿ ‘ಚಕ್ರಗಳು ಅಚ್ಚುಕಟ್ಟಾಗಿವೆ’ ಎಂದು ಬರೆದಿರಿ. ವಿಚಾರಣಾ ವರದಿಯಲ್ಲಿ ‘ಚಾಲಕನ ನಿರ್ಲಕ್ಷ್ಯ’ ಎಂದು ಬರೆದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ಇಷ್ಟು ಶುದ್ಧವಾದ ಕಚೇರಿ ಭಾಷೆಯಲ್ಲಿ ನಾನು ಓದಿದ್ದು ಇದೇ ಮೊದಲು.

ಆ ಡ್ರೈವರನ್ನು ನಾವು ನಿಧಾನಣ್ಣ ಎನ್ನುತ್ತೇವೆ. ಮೂವತ್ತೊಂದು ವರ್ಷದಲ್ಲಿ ಒಂದು ನಾಯಿಗೂ ಬಸ್ಸು ತಾಗಿಸಿದವರಲ್ಲ. ನಿವೃತ್ತಿಗೆ ಎಂಟು ತಿಂಗಳಿದೆ. ಅವರು ಪರೀಕ್ಷಿಸಲಿಲ್ಲವೇ? ಏಳನೇ ತಾರೀಖು ನನ್ನ ಹತ್ತಿರ ಬಂದು, “ಗೆರೆ ಇಲ್ದೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಗಿದೆ ಕಣಪ್ಪಾ. ಎಲ್ಲ ಒಂದೇ ಥರ ಹೊಳೀತವೆ, ಏನಂತ ನೋಡ್ಲಿ?” ಎಂದವರು ಅವರೇ. ಅಕ್ಕನಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ಸಾಹೇಬರು ಬಂದು ಹೋಗಲಿ.

ಇನ್ನೊಂದು ಮಾತು. ಲಾರಿಗಳಲ್ಲಿ ಲಾಕ್ ನಟ್ಟು ನೋಡಿದ್ದೇನೆ. ಒಳಗೆ ಹಲ್ಲಿನ ಜೋಡಿ ವಾಷರ್ ಇರುತ್ತದೆ, ಬಿಗಿದರೆ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಎಷ್ಟು ಅದುರಿದರೂ ತಾನಾಗಿ ತಿರುಗುವುದಿಲ್ಲ, ಸ್ಪ್ಯಾನರ್ ಹಾಕಿದರೆ ಮಾತ್ರ ಬಿಡುತ್ತದೆ. ಅದು ಇದ್ದಿದ್ದರೆ ಬಣ್ಣ ಸವೆದರೂ ಚಕ್ರ ಹೆಚ್ಚೆಂದರೆ ಕಟಕಟ ಸದ್ದು ಮಾಡುತ್ತಿತ್ತು, ನಿಧಾನಣ್ಣ ಬಸ್ಸು ನಿಲ್ಲಿಸಿ ಕೆಳಗಿಳಿಯುತ್ತಿದ್ದರು, ನಟ್ಟುಗಳು ಮಾತ್ರ ಒಂದೊಂದಾಗಿ ಉದುರುತ್ತಿರಲಿಲ್ಲ. ಇದು ಬೇಕೆಂದು ಮೂರು ಸಲ ಅರ್ಜಿ ಬರೆದೆ. ತಮ್ಮ ಕಚೇರಿಯ ಉತ್ತರ ನನ್ನ ಬಳಿ ಇದೆ: ‘ಸರಿಯಾಗಿ ಬಿಗಿದ ನಟ್ಟು ಸಡಿಲವಾಗುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಸದರಿ ಫಿಟ್ಟರಿಗೆ ಸೂಕ್ತ ತಿಳಿವಳಿಕೆ ನೀಡತಕ್ಕದ್ದು.’ ನೀಡಿದಿರಿ, ಸ್ವಾಮಿ. ಬಿಗಿಯುವುದು ಮನುಷ್ಯನ ಕೈ. ಮನುಷ್ಯ ಅವಸರ ಮಾಡುತ್ತಾನೆ, ಮರೆಯುತ್ತಾನೆ, ಮೇಲಿನವರಿಗೆ ಹೆದರುತ್ತಾನೆ. ಲಾಕ್ ನಟ್ಟಿಗೆ ಯಾರ ಹೆದರಿಕೆಯೂ ಇಲ್ಲ. ಅದಕ್ಕೇ ಅದು ಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಪ್ರಯಾಣಿಕರನ್ನು ಹೊರುವ ಪ್ರತಿ ಬಸ್ಸಿಗೂ ಲಾಕ್ ನಟ್ಟು ಕಡ್ಡಾಯ ಮಾಡಿ. ನಾಲ್ಕನೇ ಪುಟದಿಂದ ನಿಧಾನಣ್ಣನನ್ನು ತೆಗೆಯಿರಿ. ಆ ಜಾಗ ಖಾಲಿ ಬಿಡುವುದು ನಿಯಮಕ್ಕೆ ವಿರುದ್ಧವಾದರೆ ನನ್ನನ್ನು ಹಾಕಿಕೊಳ್ಳಿ, ಜೊತೆಗೆ ತಾವು ಮುಂದೂಡಿದ ಎರಡು ದಿನಾಂಕಗಳನ್ನೂ ಬರೆಯಿರಿ.

ಸೋಮವಾರದೊಳಗೆ ಇದು ಆಗಬೇಕು, ಕಾರಣ ಹೇಳುತ್ತೇನೆ. ನಿನ್ನೆ ನಿಧಾನಣ್ಣ ನಮ್ಮ ಮನೆಗೆ ಬಂದಿದ್ದರು. “ಅಷ್ಟು ಓದಿದೋರು ಬರೆದಿದಾರಲ್ಲಪ್ಪಾ, ನಾನೇ ಸರಿಯಾಗಿ ನೋಡಿರ್ಲಿಕ್ಕಿಲ್ಲ. ತಪ್ಪು ನಂದೇ ಅಂತ ಬರೆದುಕೊಟ್ಟುಬಿಡ್ತೀನಿ” ಎಂದರು. ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ನನ್ನ ಮಾತಿಗಿಂತ ನಿಮ್ಮ ರುಜುವಿನ ಮೇಲೆ ಅವರಿಗೆ ನಂಬಿಕೆ ಹೆಚ್ಚು. ಸೋಮವಾರ ಅವರು ಆ ಕಾಗದವನ್ನು ನಿಮ್ಮ ಮೇಜಿನ ಮೇಲೆ ಇಡುತ್ತಾರೆ. ಕೈಮುಗಿದು ಕೇಳುತ್ತೇನೆ, ಅದನ್ನು ತೆಗೆದುಕೊಳ್ಳಬೇಡಿ.

ಇಂತಿ,
ಸತ್ತವಳ ತಮ್ಮ, ಚಕ್ರ ಕೂಡಿಸಿದವನು,
ಇನ್ನೂ ಅದೇ ಕೆಲಸದಲ್ಲಿರುವವನು