ನೀಲಿ ಗೇಟಿನ ಮನೆಯ ಇಂಟರ್ನ್‌ಶಿಪ್

ಕುಮಾಸಿ
ಭಾನುವಾರ, ಜೂನ್ ೮

ನನ್ನ ಪ್ರೀತಿಯ ಅಮ್ಮ,

ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆಂದು ಗಾಬರಿಯಾಗಬೇಡ. ಫೋನ್ ಮಾಡಿದರೆ ನೀನು ಸ್ಪೀಕರಿಗೆ ಹಾಕಿ ಗೆಣಸಿನ ರಾಶಿಯ ಮೇಲಿಡುತ್ತೀಯ, ಆಮೇಲೆ ಟೆಚಿಮಾನ್ ಮಾರುಕಟ್ಟೆಯ ಅರ್ಧ ಜನ ನನಗೆ ಬುದ್ಧಿ ಹೇಳುತ್ತಾರೆ. ಹೋದ ಸಲ ನನ್ನ ಹೊಟ್ಟೆನೋವಿಗೆ ಟೊಮೆಟೊ ಮಾರುವವಳು ಕಷಾಯ ಹೇಳಿಕೊಟ್ಟಳು. ಇದನ್ನು ಡ್ರೈವರ್ ಯೆಬೋವಾ ನಿನ್ನ ಕೈಗೇ ಕೊಡುತ್ತಾನೆ. ದಯವಿಟ್ಟು ಒಬ್ಬಳೇ ಕೂತು ಓದು.

ಮೊದಲು ಒಳ್ಳೆಯ ಸುದ್ದಿ. ಇಂಟರ್ನ್‌ಶಿಪ್ ಸಿಕ್ಕಿತು, ನಾಳೆಯಿಂದಲೇ ಕೆಲಸ. ಆದರೆ ಅದು ಸಿಕ್ಕಿದ ರೀತಿಗೆ ನಗಬೇಕೋ ಅಳಬೇಕೋ ತಿಳಿಯದೆ ನಿನ್ನೆಯಿಂದ ಹಲ್ಲು ಕಡಿಯುತ್ತ ಕೂತಿದ್ದೇನೆ. ಇದಕ್ಕೆಲ್ಲ ನಿನ್ನ ಅಣ್ಣನೇ ಕಾರಣ.

ತಾವಿಯಾ ಮಾವನ ಷರತ್ತು ನಿನಗೆ ಗೊತ್ತೇ ಇದೆ. ಫೀಸು ಕಟ್ಟುವವರು ಅವರು, ನಾನು ಎದುರಾಡುವಂತಿಲ್ಲ. "ನೆಲ ಅಳೆಯೋದೂ ಒಂದು ಓದಾ? ಈ ರಜೆಯಲ್ಲಿ ಯಾರಾದ್ರೂ ನಿನ್ನ ಕೆಲಸಕ್ಕೆ ಕರೀತಾರಾ ನೋಡ್ತೀನಿ. ಕರೀಲಿಲ್ಲ ಅಂದ್ರೆ ಕಾಲೇಜು ಸಾಕು, ಬಂದು ನನ್ನ ಕೋಲ್ಡ್ ಸ್ಟೋರಲ್ಲಿ ಮೀನು ಮಾರು." ಇಷ್ಟು ಹೇಳಿದ ಮೇಲೆ ತಪ್ಪದೆ ತಮ್ಮ ಮಗಳು ಅಬ್ರಾಫಿಯ ಮಾತು ತೆಗೆಯುತ್ತಾರೆ. ಅಬ್ರಾಫಿ ನೋಡು, ಇದೇ ಕುಮಾಸಿಯಲ್ಲಿ ತಗ್ಗಿಸಿದ ತಲೆ ಎತ್ತದೆ ನರ್ಸಿಂಗ್ ಓದುತ್ತಿದ್ದಾಳೆ. ಈ ಒಂದು ವಾಕ್ಯ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ನಾನೇನು ಕೈಕಟ್ಟಿ ಕೂತಿರಲಿಲ್ಲ, ಅಮ್ಮ. ಈ ಊರಿನ ಸರ್ವೆ ಕಚೇರಿಗಳ ಮೆಟ್ಟಿಲೆಲ್ಲ ಹತ್ತಿ ಇಳಿದೆ. ಮೊದಲ ವರ್ಷ ಎಂದ ಕೂಡಲೇ ಮೂರನೇ ವರ್ಷಕ್ಕೆ ಬಾ ಎನ್ನುತ್ತಾರೆ. ಒಂದು ಕಡೆ ಅನುಭವ ಇದೆಯಾ ಎಂದು ಕೇಳಿದರು. ಅದಕ್ಕೇ ಅಲ್ಲವೇ ನಾನು ಬಂದಿದ್ದು ಎಂದರೆ ಬಾಗಿಲು ತೋರಿಸಿದರು. ಎಲ್ಲ ಕಡೆಯೂ ಮೊದಲ ಪ್ರಶ್ನೆ, ನಿನ್ನನ್ನು ಕಳಿಸಿದ್ದು ಯಾರು? ಯಾರೂ ಇಲ್ಲ, ನಾನಾಗಿ ಬಂದೆ ಎಂದರೆ ಹೆತ್ತವರು ಬಿಟ್ಟುಹೋದ ಕೂಸನ್ನು ನೋಡುವಂತೆ ನೋಡುತ್ತಾರೆ. ಒಂದು ಕಚೇರಿಯಲ್ಲಂತೂ ವಾರವಿಡೀ ಎಲ್ಲರಿಗೂ ಮಧ್ಯಾಹ್ನದ ಊಟ ತಂದುಕೊಡಲು ಓಡಾಡಿಸಿ, ಕೊನೆಗೆ ಸಾಹೇಬರು ವಿದೇಶಕ್ಕೆ ಹೋದರು ಎಂದರು. ನಿನ್ನ ಮಾತು ಕೇಳಿ ಪಾದ್ರಿಗಳ ಹತ್ತಿರವೂ ಹೋದೆ. ಅವರು ನನ್ನ ಅರ್ಜಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಆ ಎಣ್ಣೆಗೆ ನನ್ನ ಫೋನ್ ನಂಬರೇ ಅಳಿಸಿಹೋಯಿತು.

ಕೊನೆಗೆ ದಾರಿ ತೋರಿಸಿದ್ದು ಅಬ್ರಾಫಿಯೇ. ಅದೊಮಾಕೊ ಎಂಬ ಸರ್ವೆಯರ್ ಒಳ್ಳೆಯವರು, ಕಚೇರಿಗೆ ಹೋದರೆ ಸಿಗುವುದಿಲ್ಲ, ಮನೆಗೇ ಹೋಗು ಎಂದಳು. ನೀಲಿ ಗೇಟು, ಒಳಗೆ ಮಾವಿನ ಮರ, ನಾಯಿ ಬೊಗಳಿದರೆ ಟೈಗರ್ ಅಂತ ಕರಿ, ಸುಮ್ಮನಾಗುತ್ತದೆ ಎಂದೂ ಹೇಳಿದಳು. ಇದನ್ನು ನಾನು ಮಾವನಿಗೆ ಹೇಳಿದ್ದೇ ತಪ್ಪಾಯಿತು. ಹೆಣ್ಣುಮಗಳು ಒಬ್ಬಳೇ ದೊಡ್ಡವರ ಮನೆಗೆ ಹೋಗಿ ಕೇಳುವುದೇ, ನಮಗೇನು ಮನೆತನ ಇಲ್ಲವೇ ಎಂದು ಶುಕ್ರವಾರ ಸಂಜೆ ಬಸ್ಸಿನಿಂದ ಇಳಿದೇಬಿಟ್ಟರು. ಕೈಯಲ್ಲಿ ಹಿರಿಯರಿಗೆ ಒಪ್ಪಿಸುವ ಶ್ನಾಪ್ಸ್ ಸಾರಾಯಿಯ ಬಾಟಲಿ. ಚೀಲದಲ್ಲಿ ನನಗೆಂದು ನೀನು ಕಳಿಸಿದ ನಿನ್ನ ಕಬಾ ರವಿಕೆ ಮತ್ತು ಸೊಂಟಕ್ಕೆ ಸುತ್ತುವ ಬಟ್ಟೆ. ಮಾವ ಬರುತ್ತಾರೆಂದು ಅಬ್ರಾಫಿಗೆ ತಿಳಿಸಲು ನನಗೆ ಹೊಳೆಯಲಿಲ್ಲ.

ಶನಿವಾರ, ಜನ ವಾಡಿಕೆಯಂತೆ ಸಾವಿನ ಮನೆಗಳಿಗೆ ಹೊರಡುವ ಮೊದಲೇ ಹೋಗಬೇಕೆಂದು ಬೆಳಕು ಹರಿಯುತ್ತಲೇ ನನ್ನನ್ನು ಎಬ್ಬಿಸಿದರು. ನಿನ್ನ ಅಳತೆಯ ಕಬಾ ನನಗೆ ಹೊಟ್ಟೆಯ ಹತ್ತಿರ ಬುಸ್ಸೆಂದು ಉಬ್ಬಿಕೊಂಡಿತ್ತು. ಗೇಟು ತೆಗೆದದ್ದು ಸರ್ವೆಯರ ತಾಯಿ ಕೊನಾಮಾ ಅಜ್ಜಿ. ಪದ್ಧತಿಯಂತೆ ಕೂರಿಸಿದರು, ನೀರು ಕೊಟ್ಟರು, ಬಂದ ಕಾರಣ ಕೇಳಿದರು. ಅಷ್ಟೊತ್ತಿಗೆ ಸರ್ವೆಯರೂ ಬಂದು ಕೂತರು. ಮಾವ ಬಾಟಲಿಯನ್ನು ಎರಡೂ ಕೈಯಲ್ಲಿ ಒಪ್ಪಿಸಿ, ನಾವು ಕೆಟ್ಟದ್ದಕ್ಕೆ ಬಂದವರಲ್ಲ, ಈ ಹುಡುಗಿಯ ವಿಷಯ ಮಾತಾಡಲು ಬಂದಿದ್ದೇವೆ ಎಂದು ಶುರು ಮಾಡಿದರು. ಮಾವ ಶುರು ಮಾಡಿದರೆ ವಿಷಯಕ್ಕೆ ಬರುವಷ್ಟರಲ್ಲಿ ಫುಫು ಕುಟ್ಟಿ ತಿಂದು ಕೈ ತೊಳೆದುಕೊಳ್ಳಬಹುದು.

ನೀನೇ ಹೇಳು, ಹುಡುಗಿಯ ಸೋದರಮಾವ ಹುಡುಗಿಯನ್ನು ಕರೆದುಕೊಂಡು, ವಯಸ್ಸಿಗೆ ಬಂದ ಹುಡುಗನಿರುವ ಮನೆಗೆ ಮುಂಜಾನೆ ಬಾಟಲಿ ಹಿಡಿದು ಬಂದರೆ ನಮ್ಮವರು ಏನೆಂದುಕೊಳ್ಳುತ್ತಾರೆ? ಆ ಮನೆಯಲ್ಲಿ ಹುಡುಗ ಇದ್ದಾನೆಂಬುದೇ ನಮಗೆ ಗೊತ್ತಿರಲಿಲ್ಲ. ಅಜ್ಜಿ ನನ್ನ ಮುಖ ನೋಡಿದರು, ಕಬಾ ನೋಡಿದರು, ಎಷ್ಟು ತಿಂಗಳು ಎಂದು ಕೇಳಿದರು. ನಮ್ಮ ರಜೆ ಇರುವುದು ಎರಡು ತಿಂಗಳು, ಎರಡು ಎಂದೆ. ಸರ್ವೆಯರು ಹಣೆ ಹಿಡಿದುಕೊಂಡರು. ಅಜ್ಜಿ ಮಾತ್ರ ಬೈಯಲೂ ಇಲ್ಲ, ಅಳಲೂ ಇಲ್ಲ. ಎದ್ದು ಬಾಟಲಿ ಬಿಚ್ಚಿ ಅಂಗಳದ ನೆಲಕ್ಕೆ ಹೊಯ್ಯುತ್ತ, ಇವಳು ಇವತ್ತಿನಿಂದ ನಮ್ಮ ಕೈಯಲ್ಲಿದ್ದಾಳೆ, ಇವಳ ಜವಾಬ್ದಾರಿ ಈ ಮನೆಯದು ಎಂದು ಸತ್ತ ಹಿರಿಯರನ್ನೆಲ್ಲ ಹೆಸರು ಹಿಡಿದು ಕರೆದು ಹೇಳಿದರು. ಉಳಿದದ್ದನ್ನು ಎಲ್ಲರೂ ಕುಡಿದರು. ಕೆಲಸ ಇಷ್ಟು ಸಲೀಸಾಗಿ ಆಯಿತಲ್ಲ ಎಂದು ಮಾವ ಇನ್ನೊಂದು ಗುಟುಕು ಹಾಕಿದರು.

ಆಮೇಲೆ ಅಜ್ಜಿ ಮೊಮ್ಮಗ ಕ್ವಾಕುವನ್ನು ಹಾಸಿಗೆಯಿಂದ ಎಬ್ಬಿಸಿ ತಂದರು. ಅವನು ನನ್ನನ್ನು ಸರಿಯಾಗಿ ನೋಡಲೂ ಇಲ್ಲ. ಬಾಟಲಿ ನೋಡಿದ, ಒದ್ದೆ ನೆಲ ನೋಡಿದ, ಮಂಡಿಯೂರಿಬಿಟ್ಟ.

"ಅಜ್ಜಿ, ನಾನೇ ಹೇಳ್ಬೇಕು ಅಂತಿದ್ದೆ. ಸ್ವಲ್ಪ ತಡಿ ಅಂತ ಅವಳಿಗೂ ಹೇಳಿದ್ದೆ."

ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ, "ಆದ್ರೆ ಇವಳ್ಯಾರು?" ಎಂದ.

ನಾನು ಬಸುರಿಯಲ್ಲ, ಅವನ ಹುಡುಗಿ ಬೇರೊಬ್ಬಳು ಎಂಬ ಗಂಟು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಮಾವ ನನ್ನ ಕಾಲೇಜಿನ ಪತ್ರ ತೆಗೆದು ತೋರಿಸಿದರು. ನನಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು. ಸರ್ವೆಯರಿಗೆ ಮಗನ ಮೇಲಿನ ಸಿಟ್ಟೆಲ್ಲ ನನ್ನ ಮೇಲೆ ಬಂತು. ಮೊದಲ ವರ್ಷದವರನ್ನು ನಾನು ಯಾವತ್ತೂ ತೆಗೆದುಕೊಂಡಿಲ್ಲ, ನೀವು ಹೊರಡಿ ಎಂದರು. ಕೋಲ್ಡ್ ಸ್ಟೋರಿನ ಮೀನಿನ ವಾಸನೆ ಅಲ್ಲೇ ನನ್ನ ಮೂಗಿಗೆ ಬಡಿಯಿತು ಅಮ್ಮ, ಸುಳ್ಳಲ್ಲ. ಬಟ್ಟೆ ಸರಿಮಾಡಿಕೊಂಡು ಎದ್ದೆ. ಆಗ ಅಜ್ಜಿ ಕೂತಲ್ಲಿಂದಲೇ ಮಗನಿಗೆ ಹೇಳಿದರು:

"ನೆಲಕ್ಕೆ ಹೊಯ್ದಿದ್ದನ್ನ ವಾಪಸ್ ಬಾಟಲಿಗೆ ತುಂಬ್ತೀಯಾ? ಇವಳು ನಮ್ಮ ಕೈಲಿದ್ದಾಳೆ ಅಂತ ಹಿರಿಯರಿಗೆ ಹೇಳಾಗಿದೆ. ಈಗ ಅವ್ರನ್ನ ಮತ್ತೆ ಎಬ್ಬಿಸಿ, ಇಲ್ಲ ತಪ್ಪಾಯ್ತು, ಮಲ್ಕೊಳ್ಳಿ ಅನ್ಲಾ? ಹುಡುಗಿ ಸೋಮವಾರ ಬರ್ತಾಳೆ, ನೀನು ಕೆಲಸ ಕಲಿಸ್ತೀಯ."

ಸರ್ವೆಯರು ನನ್ನ ಕಾಲೇಜಿನ ಪತ್ರ ಮಡಚಿ ಜೇಬಿಗಿಟ್ಟುಕೊಂಡರು. ನನ್ನ ಅಂಕಗಳನ್ನು ಯಾರೂ ಕೇಳಲಿಲ್ಲ. ರಾತ್ರಿಯಿಡೀ ಕಲಿತುಕೊಂಡು ಹೋಗಿದ್ದ ಉತ್ತರಗಳೆಲ್ಲ ಹೊಟ್ಟೆಯಲ್ಲೇ ಉಳಿದವು. ಮಾವನಿಗೆ ಮಾತ್ರ ಹಿಡಿಸಲಾರದಷ್ಟು ಹಿಗ್ಗು. ಅವರ ಮಾತಿನ ಗತ್ತಿಗೆ ಅಜ್ಜಿ ಎಷ್ಟು ಮೆಚ್ಚಿದರೆಂದರೆ, ಮುಂದಿನ ಶನಿವಾರ ಕ್ವಾಕುವಿನ ಆ ಹುಡುಗಿಯ ಮನೆಗೆ ಹೆಣ್ಣು ಕೇಳಿ ಬಾಗಿಲು ತಟ್ಟಲು ಹೋಗುವಾಗ ನಮ್ಮ ಕಡೆಯಿಂದ ನೀವೇ ಮಾತಾಡಬೇಕು ಎಂದು ಕೇಳಿಕೊಂಡರು. ಮಾವ ಒಪ್ಪಿ ಕೈ ಕೊಟ್ಟರು. ಹುಡುಗಿ ಯಾರೆಂದು ಹೊರಡುವ ದಿನ ಹೇಳುತ್ತೇನೆ ಎಂದನೇ ಹೊರತು ಕ್ವಾಕು ಬಾಯಿ ಬಿಡಲಿಲ್ಲ, ನನಗೂ ಗೊತ್ತಾಗಲಿಲ್ಲ. ಬಸ್ ನಿಲ್ದಾಣದವರೆಗೂ ಮಾವ, ಮಗಳು ಏನು ಮಾಡುತ್ತಿದ್ದಾಳೆಂದು ತಿಳಿಯದ ಅವನೆಂಥ ಅಪ್ಪನಿರಬೇಕು ಎಂದು ಲೊಚಗುಟ್ಟುತ್ತಲೇ ಇದ್ದರು. ಆಮೇಲೆ ಮತ್ತೆ ಅಬ್ರಾಫಿಯ ಗುಣಗಾನ.

ನನ್ನ ಆರೋಗ್ಯ ಚೆನ್ನಾಗಿದೆ. ಕಬಾ ತೊಳೆದು ಕಳಿಸುತ್ತೇನೆ, ಇನ್ನು ಮುಂದೆ ನಿನ್ನ ಬಟ್ಟೆ ನನಗೆ ಬೇಡ.

ನಿನ್ನ ಮಗಳು,
ಯಾ ಫ್ರೆಮಾ

ತಾ.ಕ.: ಆ ಹುಡುಗಿ ಯಾರೆಂದು ಗೊತ್ತಾಗಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಈ ಕಾಗದವನ್ನು ನೀನು ಮಾವನ ಮುಂದೆಯೇ ಬಿಚ್ಚಿ ಓದಿಬಿಟ್ಟೀಯೆಂಬ ಭಯಕ್ಕೆ ಹಾಗೆ ಬರೆದೆ; ಈಗ ಒಬ್ಬಳೇ ಇದ್ದೀಯೆಂದು ನಂಬಿದ್ದೇನೆ. ಮಾವ ಚಪ್ಪಲಿ ಹಾಕಿಕೊಳ್ಳುವಾಗ ಕ್ವಾಕು ನನ್ನ ಹಿಂದೆ ಓಡಿ ಬಂದು, ಟೆಚಿಮಾನ್‌ನ ಕೋಲ್ಡ್ ಸ್ಟೋರ್ ತಾವಿಯಾ ಅಂದರೆ ಇವರೇನಾ, ಅಬ್ರಾಫಿಯ ಅಪ್ಪನಾ ಎಂದು ಕೇಳಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳಿಗೆ ಆ ನಾಯಿಯ ಹೆಸರು ಹೇಗೆ ಗೊತ್ತೆಂದು ನನಗೆ ಆಗ ಹೊಳೆಯಿತು. ಇದು ಮಾವನಿಗೆ ತಿಳಿದರೆ ನನ್ನನ್ನು ಆ ಮನೆಯ ಕಡೆ ತಲೆ ಹಾಕಲೂ ಬಿಡುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಶುಕ್ರವಾರದವರೆಗೆ ಸುಮ್ಮನಿರು, ಅಷ್ಟರೊಳಗೆ ನಾನು ಅಲ್ಲಿ ಬೇರು ಬಿಟ್ಟಿರುತ್ತೇನೆ. ಶುಕ್ರವಾರ ಮಾತ್ರ ಮರೆಯದೆ ಹೇಳಿಬಿಡು. ತಮ್ಮ ಮನೆಯ ಬಾಗಿಲನ್ನು ತಾವೇ ಹೋಗಿ ತಟ್ಟಲು ಅವರು ಆಗಲೇ ಒಳ್ಳೆಯ ಬಟ್ಟೆ ಇಸ್ತ್ರಿಗೆ ಕೊಟ್ಟಿದ್ದಾರಂತೆ.