ಐಸ್ ಇಲ್ಲದ ಹನಿ

ಫೆಬ್ರವರಿ 9

ಬೆಳಿಗ್ಗೆಯಿಂದ ಕೋಳಿ ಹಿಡಿದದ್ದೇ ಹಿಡಿದದ್ದು. ಗುಡ್ಡದಾಚೆಯ ಹಳ್ಳಿ. ಮನೆ ಮನೆಯ ಹಿತ್ತಲಿಗೆ ನುಗ್ಗಿ, ರೆಕ್ಕೆ ಅಮುಕಿ ಹಿಡಿದು, ತಲೆ ವಾಲಿಸಿ, ಕಣ್ಣಿಗೆ ಒಂದು ಹನಿ ಲಸಿಕೆ. ಇಷ್ಟು ವರ್ಷ ಓದಿ, ಈಗ ಪಿಎಚ್.ಡಿ.ಗೆ ಸೇರಿ, ಕೊನೆಗೆ ಕಲಿತದ್ದು ಹುಂಜದ ಹಿಂದೆ ಓಡುವ ವಿದ್ಯೆ. ಒಂದು ಮುಂಗೈಗೆ ಸರಿಯಾಗಿ ಕುಕ್ಕಿತು. ಮೇಡಂ ನೋಡಿ, “ಅದಕ್ಕೂ ಒಂದು ಅಭಿಪ್ರಾಯ ಇರುತ್ತಲ್ಲ, ಬರ್ಕೋ” ಅಂದರು.

ಮೇಡಂ ನನ್ನ ಗೈಡ್. ಜೂನ್ ಕೊನೆಗೆ ರಿಟೈರ್. ಒಂಬತ್ತು ವರ್ಷದಿಂದ ಈ ಒಂದು ಹನಿಯ ಹಿಂದೆ ಬಿದ್ದಿದ್ದಾರೆ. ಕೊಕ್ಕರೆ ರೋಗ ಹೊಕ್ಕರೆ ಕೋಳಿಯ ಕುತ್ತಿಗೆ ತಿರುಚಿಕೊಳ್ಳುತ್ತದೆ, ನೋಡನೋಡುತ್ತ ಹಿತ್ತಲು ಖಾಲಿ. ಲಸಿಕೆ ಇಲ್ಲ ಅಂತಲ್ಲ. ಅದಕ್ಕೆ ಐಸ್ ಬೇಕು. ಫ್ರಿಜ್ ಇಲ್ಲದ ಊರು ಮುಟ್ಟುವಷ್ಟರಲ್ಲಿ ಬರೀ ನೀರು. ಮೇಡಂ ಮಾಡಿದ ಲಸಿಕೆಗೆ ಐಸ್ ಬೇಡ. ಲ್ಯಾಬಿನಲ್ಲಿ ಬಿಸಿ ತಡೆದುಕೊಂಡಿದೆ. ಊರಿನಲ್ಲಿ ತಡೆಯುತ್ತದೆಯೇ? ಈಗ ನೋಡುತ್ತಿರುವುದು ಅದನ್ನೇ. ಬಾಟಲಿಗಳನ್ನು ಬಟ್ಟೆ ಚೀಲದಲ್ಲಿ ಹಾಕಿ ವಾರವಿಡೀ ಜೀಪ್ ಶೆಡ್ಡಿನಲ್ಲಿ ತೂಗುಹಾಕಿದ್ದೆವು. ತಗಡಿನ ಶೆಡ್ಡು, ಮನುಷ್ಯರೇ ಬೆಂದುಹೋಗುತ್ತಾರೆ.

ಚೀಲದ ತಳ ಒದ್ದೆಯಾಗಿತ್ತು. ಚೀಲ ನೋಡಿಕೊಳ್ಳುವ ನಮ್ಮ ಜೀಪ್ ಡ್ರೈವರನ್ನು ಕೇಳಿದೆ. “ನನ್ನ ನೀರಿನ ಬಾಟ್ಲಿ ಸೋರ್ತು ಅನ್ಸುತ್ತೆ ಕಣಮ್ಮ” ಅಂದರು. ಚೆನ್ನಾಗಿ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಪಾಪ ಅನ್ನಿಸಿತು.

ಮಾರ್ಚ್ 5, ಮಧ್ಯಾಹ್ನ

ತಟ್ಟೆ ಓದುವ ದಿನ. ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಪುಟ್ಟ ಪುಟ್ಟ ಗುಳಿ. ಒಂದೊಂದು ಕೋಳಿಯ ರಕ್ತಕ್ಕೂ ಒಂದೊಂದು ಸಾಲು. ಗುಳಿಯ ತಳದಲ್ಲಿ ಕೆಂಪು ಚುಕ್ಕಿ ಕೂತರೆ ಲಸಿಕೆ ಹಿಡಿದಿದೆ. ತೆಳ್ಳಗೆ ಹರಡಿಕೊಂಡರೆ ಇಲ್ಲ.

ಮೇಡಂ ಓದುವಾಗ ಬಾಯಿ ಬಿಡುವುದಿಲ್ಲ. ಮುಖದಲ್ಲೂ ಏನೂ ಕಾಣಿಸುವುದಿಲ್ಲ. ನಾವೆಲ್ಲ ನೋಡುವುದು ಅವರ ಕನ್ನಡಕವನ್ನು. ಕೆಟ್ಟ ಸುದ್ದಿಯಾದರೆ ತೆಗೆದು ಕೋಟಿನ ತುದಿಯಿಂದ ಒರೆಸುತ್ತಾರೆ. ಒಳ್ಳೆಯದಾದರೆ ತಲೆಯ ಮೇಲೆ ಏರಿಸುತ್ತಾರೆ. ಅವರಿಗೇ ಇದು ಗೊತ್ತಿಲ್ಲ. ನಾವೂ ಹೇಳಿಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತಾರೆ.

ಎರಡು ತಟ್ಟೆ, ಮೂರು ತಟ್ಟೆ.  ಕೊನೆಯ ತಟ್ಟೆ ಕೆಳಗಿಟ್ಟರು. ಕನ್ನಡಕ — ತಲೆ ಮೇಲೆ!

ನಾನು ಕುಣಿದುಬಿಟ್ಟೆ. ಬೀಕರ್ ಒಡೆಯಿತು. ಮೇಡಂ ಬೈಯಲಿಲ್ಲ.

ಮಾರ್ಚ್ 6, ಸಂಜೆ

ಹೇಗೆ ಬರೆಯಲಿ.

ಡೀನ್ ಸರ್ ಖುಷಿಯಾಗಿ ಟೀ ಕೊಡಿಸಿದರು. ಇಡೀ ಡಿಪಾರ್ಟ್‌ಮೆಂಟ್ ಸೆಮಿನಾರ್ ಹಾಲಿನಲ್ಲಿ. ಡ್ರೈವರ್ ಬಾಗಿಲಲ್ಲೇ ನಿಂತಿದ್ದರು. ಮೇಡಂ ಒಳಗೆ ಕರೆದು ಬಿಸ್ಕತ್ ತಟ್ಟೆ ಚಾಚಿದರು. “ಚೀಲ ಹೊತ್ತೋರು ನೀವು. ಮೊದಲು ನೀವು ತಗೊಳ್ಳಿ.”

ಡ್ರೈವರ್ ಉಬ್ಬಿಹೋದರು. “ನಂದೇನಿದೆ ಮೇಡಂ, ಎಲ್ಲಾ ನಿಮ್ಮ ವಿದ್ಯೆ. ಆದ್ರೆ ಒಂದ್ ಮಾತು ಹೇಳ್ಲೇಬೇಕು. ಒಂದೇ ಒಂದು ದಿನಾನೂ ಐಸ್ ತಪ್ಪಿಸಿಲ್ಲ ನಾನು. ದಿನಾ ಬೆಳಿಗ್ಗೆ ಹಾಸ್ಟೆಲ್ ಅಡುಗೆಯವ್ರ ಕೈಕಾಲು ಹಿಡಿದು ತರ್ತಿದ್ದೆ.”

ಬಿಸ್ಕತ್ ಕಚ್ಚಿದವರು ಕಚ್ಚಿದ ಹಾಗೇ.

ನಾನು ಕೇಳಿದೆ, “ಏನು ಐಸ್?”

“ಅದೇ, ಲಸಿಕೆಗೆ. ಕವರಲ್ಲಿ ಸುತ್ತಿ ಶೆಡ್ಡಲ್ಲಿ ಚೀಲದ ಒಳಗೆ ಇಡ್ತಿದ್ದೆ. ಹನಿ ಹಾಕೋ ದಿನ ಊರು ಬಂದ ಕೂಡ್ಲೇ ತೆಗೆದು ಬಿಸಾಕ್ದೆ. ಚೀಲ ಒದ್ದೆ ಮಾಡ್ದೆ ಅಂತ ನೀವು ಬೈದ್ರಲ್ಲಮ್ಮ.”

ಇಲ್ಲಿಗೆ ಬರುವ ಮೊದಲು ಅವರು ಮಕ್ಕಳ ಲಸಿಕೆಯ ವ್ಯಾನ್ ಓಡಿಸುತ್ತಿದ್ದರು. ಅಲ್ಲಿ ಐಸ್ ಕರಗಿದರೆ ಕೆಲಸಕ್ಕೇ ಸಂಚಕಾರ. ಲಸಿಕೆ ಅಂದರೆ ಐಸ್ ಅಂತ ಅವರ ಮೈಯಲ್ಲೇ ಸೇರಿಹೋಗಿದೆ. ನಾವು ಬರೀ ಚೀಲದಲ್ಲಿ ಕೊಟ್ಟಾಗ, ಪಾಪ ಓದಿದವರು ಮರೆತಿದ್ದಾರೆ ಅಂದುಕೊಂಡು ನಮ್ಮ ಮಾನ ಉಳಿಸಿದ್ದಾರೆ. ಐಸ್ ಬೇಡ ಅಂತ ತೋರಿಸುವ ಪ್ರಯೋಗಕ್ಕೆ ದಿನಾ ಐಸ್!

ಮೇಡಂ ಕನ್ನಡಕ ತೆಗೆದರು. ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ — ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಷ್ಟು ಪ್ರೀತಿಯಿಂದ ನನ್ನ ಪ್ರಯೋಗ ಯಾರೂ ಕೆಡಿಸಿರ್ಲಿಲ್ಲ.”

ಡ್ರೈವರಿಗೆ ಆಗ ಅರ್ಥವಾಯಿತು. ಕೈಯಲ್ಲಿದ್ದ ಬಿಸ್ಕತ್ ತಟ್ಟೆಗೆ ವಾಪಸ್ ಇಡಲು ಹೋದರು. ಮೇಡಂ ಅವರ ಕೈ ತಡೆದರು. “ತಿನ್ನಿ. ತಪ್ಪು ನಮ್ದು. ಊರಿಗೆಲ್ಲ ಹೇಳಿದ್ವಿ, ಚೀಲ ಹೊತ್ತೋರಿಗೆ ಹೇಳ್ಲಿಲ್ಲ.”

ಮಾರ್ಚ್ 7

ಡೀನ್ ಸರ್ ರೂಮಿಗೆ ಕರೆಸಿದ್ದರು. ಮೇಡಂ, ನಾನು. ಅವರೂ ಕೆಟ್ಟವರೇನಲ್ಲ. ಮೇಡಂ ಹೆಸರು ಉಳಿಯಲಿ ಅಂತಲೇ ಅವರ ಆಸೆ.

“ಸುಮ್ನಿದ್ಬಿಡಿ. ಲ್ಯಾಬಲ್ಲಿ ಬಿಸಿ ತಡೆದಿದೆ ಅಂತ ಗೊತ್ತೇ ಇದೆ. ಐಸ್ ಇತ್ತು ಅಂತ ಕೋಳಿಗೇನು ಗೊತ್ತು?”

“ಕೋಳಿಗೆ ಗೊತ್ತಿಲ್ಲ. ನನಗೆ ಗೊತ್ತಾಯ್ತಲ್ಲ” ಅಂದರು ಮೇಡಂ.

“ಜೂನ್‌ಗೆ ನೀವು ಇರಲ್ಲ. ಇನ್ನೊಂದ್ಸಲ ಮಾಡೋಕೆ ಟೈಮ್ ಎಲ್ಲಿದೆ?”

“ಅದಕ್ಕೇ ಈಗ್ಲೇ ಏಳ್ತೀನಿ” ಅಂತ ಎದ್ದೇಬಿಟ್ಟರು.

ನನಗೆ ಅಳು, ಸಿಟ್ಟು ಎರಡೂ. ಸತ್ಯ ಹೇಳಬೇಕೆಂದರೆ ನಾನು ಡೀನ್ ಸರ್ ಪಕ್ಷ. ನನ್ನ ಥೀಸಿಸ್ ಕೂಡ ಆ ತಟ್ಟೆಗಳಲ್ಲೇ ಇದೆ. ಮನೆಗೆ ಬಂದು ಬಾಗಿಲು ದಬಾರ್ ಎಂದು ಹಾಕಿದೆ. ಅಮ್ಮ, “ಏನೇ ಕೋಳಿ ಡಾಕ್ಟ್ರೇ, ಇವತ್ತು ಯಾವ ಹುಂಜ ಕುಕ್ಕಿತು?” ಅಂದಳು. ಹೇಳಿದೆ. ಪೂರ್ತಿ ಕೇಳಿ, “ನಿನ್ನ ಮೇಡಂ ಥರದೋರ ಕೈಲಿ ಮಾಡಿದ ಔಷಧಿ ಆದ್ರೆ ನಾನು ಕಣ್ಮುಚ್ಕೊಂಡು ಕುಡೀತೀನಿ” ಅಂದಳು. ಕುಡಿಯೋದಲ್ಲ, ಕಣ್ಣಿಗೆ ಹಾಕೋದು ಅಂದೆ. ಜಗಳ ಮುಂದುವರಿಸಲು ಮನಸ್ಸಾಗಲಿಲ್ಲ.

ಮಾರ್ಚ್ 13

ಈ ಪ್ರಯೋಗಕ್ಕೆ ಅನುಮತಿ ಕೊಟ್ಟ ಕಮಿಟಿಯ ಮೀಟಿಂಗ್. ಉದ್ದ ಮೇಜು, ನೀರಿನ ಬಾಟಲಿ, ಟೈ ಕಟ್ಟಿದ ಜನ. ಎಲ್ಲರೂ ಅಭಿನಂದನೆ ಹೇಳಲು ತಯಾರಾಗಿಯೇ ಬಂದಿದ್ದರು. ಮೇಡಂ ಎದ್ದು ನಿಂತು ಮೊದಲ ಮಾತೇ — “ಗುಡ್ಡದಾಚೆಯ ಊರಿನ ಫಲಿತಾಂಶವನ್ನು ದಯವಿಟ್ಟು ಪಕ್ಕಕ್ಕಿಡಿ. ಆ ಲಸಿಕೆ ಐಸ್‌ನಲ್ಲಿ ಇತ್ತು.”

ಗುಸುಗುಸು. ಒಬ್ಬರು ಹುಬ್ಬು ಗಂಟಿಕ್ಕಿ, ಐಸ್ ಇಟ್ಟವರು ಯಾರು ಅಂತ ಕೇಳಿದರು. ಹೊರಗೆ ಪೋರ್ಟಿಕೋದಲ್ಲಿ ಜೀಪಿಗೆ ಒರಗಿ ನಿಂತಿದ್ದ ಡ್ರೈವರ್ ಕಿಟಕಿಯಿಂದ ಕಾಣುತ್ತಿದ್ದರು.

“ನನ್ನ ತಂಡ” ಅಂದರು ಮೇಡಂ. ಇನ್ನೊಂದು ಮಾತಿಲ್ಲ.

ಮತ್ತೆ ಮಾಡಲು ಜೂನ್‌ವರೆಗೆ ಸಮಯ ಕೊಟ್ಟಿದ್ದಾರೆ. ಅಷ್ಟರಲ್ಲಿ ಆಗದಿದ್ದರೆ ಲ್ಯಾಬ್ ಬೇರೆಯವರಿಗೆ, ಹನಿ ಬೀರುವಿಗೆ. ಒಂಬತ್ತು ವರ್ಷದ ಕೆಲಸ ಅಲ್ಲೇ ಧೂಳು ಹಿಡಿಯುತ್ತದೆ.

ವಾಪಸ್ ಬರುವಾಗ ಜೀಪಿನಲ್ಲಿ ಮೇಡಂ ನಿದ್ದೆ ಹೋದರು. ಅವರ ತಲೆ ನನ್ನ ಭುಜಕ್ಕೆ ವಾಲಿತು. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇಂಥವರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆ ಅಂತ ಎದೆ ತುಂಬಿ ಬಂತು. ಅವರಿಗೆ ಎಚ್ಚರವಾದೀತು ಅಂತ ದಾರಿಯುದ್ದಕ್ಕೂ ಅಲ್ಲಾಡದೆ ಕೂತಿದ್ದೆ.

ಏಪ್ರಿಲ್ 6

ಹಳೆಯ ಊರಿನ ಕೋಳಿಗಳಿಗೆ ಆಗಲೇ ರೋಗ ತಡೆಯುವ ಶಕ್ತಿ ಬಂದುಬಿಟ್ಟಿದೆ. ಮತ್ತೆ ಅಲ್ಲೇ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಹೊಸ ಊರು ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಕಾಲುವೆ ಪಕ್ಕದ ಹಳ್ಳಿ ಸಿಕ್ಕಿತು. ಇಂದಿನಿಂದ ಚೀಲ ಶೆಡ್ಡಿನಲ್ಲಿ. ಬಿಸಿಲು ಕೆಂಡ. ಒಳ್ಳೆಯದೇ.

ಡ್ರೈವರ್ ಮೊದಲು ಚೀಲ ಮುಟ್ಟಲೇ ಒಪ್ಪಲಿಲ್ಲ. “ಬೇರೆಯವ್ರಿಗೆ ಕೊಡಿ ಮೇಡಂ, ನನ್ನ ಕೈ ಸರಿಯಿಲ್ಲ.” ಮೇಡಂ ಅವರನ್ನು ಲ್ಯಾಬಿಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ಏನು ಮಾಡುತ್ತಿದ್ದೇವೆ, ಯಾಕೆ ಅಂತ ಮೊದಲಿಂದ ಕೊನೆಯವರೆಗೆ ಹೇಳಿದರು. ಎಂ.ಎಸ್ಸಿ. ಕ್ಲಾಸಿಗೆ ಹೇಳಿದ ಹಾಗೇ, ಒಂದು ಮಾತೂ ಕಡಿಮೆ ಮಾಡಲಿಲ್ಲ. ನಾನು ಸೇರಿದ ವರ್ಷ ನನಗೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ!

ಈಗ ಡ್ರೈವರದು ಇನ್ನೊಂದು ಅತಿ. ಐಸ್ ಕಂಡರೆ ಮುಖ ತಿರುಗಿಸುತ್ತಾರೆ. ಕ್ಯಾಂಟೀನಿನಲ್ಲಿ ನನ್ನ ಜ್ಯೂಸ್ ನೋಡಿ, “ಅದನ್ನ ಹಿಡ್ಕೊಂಡು ಶೆಡ್ಡಿನ ಕಡೆ ಬರ್ಬೇಡಿಯಮ್ಮ” ಅಂದರು.

ಏಪ್ರಿಲ್ 13

ಕಾಲುವೆ ಪಕ್ಕದ ಹಳ್ಳಿ. ಎಲ್ಲ ಹಿತ್ತಲೂ ಮುಗಿಯಿತು. ಅಲ್ಲಿನ ಒಬ್ಬಾಕೆಗೆ ಊರೇ ಕೋಳಿ ಅಕ್ಕ ಅನ್ನುತ್ತದೆ. ಬಾಯಿ ಜೋರು. ಕೋಳಿಗಳಿಗೂ ಅವಳದೇ ಸ್ವಭಾವ.

“ಕಾಯಿಲೆ ಬರೋದು ಕುತ್ತಿಗೆಗೆ, ನೀವು ಕಣ್ಣಿಗೆ ಹಾಕ್ತೀರಲ್ಲ?”

ನಾನು ಉತ್ತರಕ್ಕೆ ದೊಡ್ಡ ದೊಡ್ಡ ಪದ ಹುಡುಕುತ್ತಿದ್ದೆ. ಮೇಡಂ ಅಲ್ಲೇ ಕುಕ್ಕರುಗಾಲಲ್ಲಿ ಕೂತು, “ನಿಮ್ಮ ಕಣ್ಣಿಗೆ ಔಷಧಿ ಬಿಟ್ಕೊಂಡಾಗ ಗಂಟಲಲ್ಲಿ ಕಹಿ ಬರಲ್ವಾ?” ಅಂದರು.

“ಬರುತ್ತೆ.”

“ಕೋಳಿಗೂ ಹಾಗೇ. ಕಣ್ಣಿಂದ ಗಂಟಲಿಗೆ ದಾರಿ ಇದೆ.”

ಕೋಳಿ ಅಕ್ಕ ತಕ್ಷಣ ತನ್ನ ಚುಕ್ಕೆ ಹೇಂಟೆಯನ್ನು ತಂದು ಮೇಡಂ ಮಡಿಲಿಗೇ ಹಾಕಿದಳು. “ಇದು ನನ್ನ ಜೀವ. ಮೊದಲು ಇದಕ್ಕೆ ಹಾಕಿ.” ಪಕ್ಕದ ಮನೆಯ ಮುದುಕಪ್ಪ ಮಾತ್ರ ಬೇಡವೇ ಬೇಡ ಅಂದ. ತನ್ನ ಕೋಳಿಗಳ ಕಣ್ಣು ಚೆನ್ನಾಗಿಯೇ ಇವೆಯಂತೆ. ಮೇಡಂ ಒತ್ತಾಯ ಮಾಡಲಿಲ್ಲ. ನಮಸ್ಕಾರ ಹೇಳಿ ಬಂದರು.

ಮೇ ಆರನೇ ತಾರೀಕು ರಕ್ತ ತೆಗೆಯುವುದು.

ಮೇ 3

ರೋಗ ಬಂದಿದೆ. ನಾವು ರಕ್ತ ತೆಗೆಯುವ ಮೊದಲೇ.

ಕಾಲುವೆಯ ಆಚೆ ದಡದ ಊರು, ಲಸಿಕೆ ಹಾಕದ ಊರು. ನಿನ್ನೆಯಿಂದ ಕೋಳಿಗಳು ಬೀಳುತ್ತಿವೆಯಂತೆ. ಎರಡೂ ಊರಿಗೆ ಒಂದೇ ಸಂತೆ, ಒಂದೇ ಸೇತುವೆ.

ಮೇ 4, ಸಂಜೆ

ಇಡೀ ದಿನ ಆ ಊರಿನಲ್ಲಿ. ಸತ್ತ ಕೋಳಿ ಕೊಯ್ದು ನೋಡುವುದು ನನ್ನ ಪಾಲು. ಅನುಮಾನವೇ ಇಲ್ಲ, ಅದೇ ರೋಗ. ಹಿತ್ತಲುಗಳು ಬಿಕೋ ಅನ್ನುತ್ತಿವೆ. ಒಬ್ಬಾಕೆ ಸತ್ತ ಕೋಳಿಗಳನ್ನು ಸಾಲಾಗಿ ಮಲಗಿಸಿ ಮುಂದೆ ಕೂತಿದ್ದಳು. ಅಳುತ್ತಲೂ ಇರಲಿಲ್ಲ. ಮಗಳ ಪುಸ್ತಕ, ಬಟ್ಟೆ ಎಲ್ಲ ಮೊಟ್ಟೆಯಿಂದಲೇ ನಡೆಯುತ್ತಿತ್ತಂತೆ. ಮೇಡಂ ಅವಳ ಪಕ್ಕ ನೆಲದ ಮೇಲೆ ಕೂತರು. ಎದ್ದಾಗ ನನಗೆ, “ನಾನು ಇನ್ನೂ ಬೇಗ ಮಾಡಬೇಕಿತ್ತು” ಅಂದರು. ಒಂಬತ್ತು ವರ್ಷ ರಜೆ ತೆಗೆದುಕೊಳ್ಳದವರು!

ಕೋಳಿ ಅಕ್ಕನ ಫೋನ್ ಸ್ವಿಚ್ ಆಫ್.

ಪೆಟ್ರೋಲ್ ಹಾಕಿಸುವಾಗ ಡ್ರೈವರಿಗೆ ಯಾರೋ ಹೇಳಿದರಂತೆ — ಕಾಲುವೆ ಪಕ್ಕದ ಹಳ್ಳಿಯಲ್ಲೂ ಕೋಳಿ ಸತ್ತಿವೆ ಅಂತ. ಯಾರ ಮನೆಯದು, ಎಷ್ಟು, ಗೊತ್ತಿಲ್ಲ. ಹೇಳಿ ನನ್ನ ಕಡೆ ತಿರುಗಿದರು. “ಈ ಸಲ ಐಸ್ ಇಟ್ಟಿಲ್ಲಮ್ಮ. ಇಟ್ಟಿದ್ರೇ ಚೆನ್ನಾಗಿತ್ತೇನೋ...”

ನಾನೂ ಅದನ್ನೇ ಯೋಚಿಸುತ್ತಿದ್ದೆ.

ಮೇ 5, ಬೆಳಿಗ್ಗೆ ಏಳೂವರೆ, ಜೀಪಿನಲ್ಲಿ

ಕಾಲುವೆ ಪಕ್ಕದ ಹಳ್ಳಿಯ ತಿರುವು. ಇಲ್ಲಿಂದ ಮುಂದೆ ಮೇಡಂ ಒಬ್ಬರೇ. ನಾನೂ ಡ್ರೈವರೂ ನಿನ್ನೆ ರೋಗದ ಕೋಳಿ ಮುಟ್ಟಿದವರು, ಬೂಟಿನಲ್ಲೇ ರೋಗ ಹೊತ್ತು ತರಬಹುದು. ಇಳಿಯುವ ಹಾಗಿಲ್ಲ. ಮೇಡಂ ನಿನ್ನೆ ಕೋಳಿ ಮುಟ್ಟಿಲ್ಲ. ಆದರೂ ಬಟ್ಟೆ ಬದಲಿಸಿ, ಮಿಂದು, ಹೊಸ ಬೂಟು ಹಾಕಿ, ಅದನ್ನೂ ಔಷಧಿ ನೀರಿನಲ್ಲಿ ಎರಡೆರಡು ಸಲ ಅದ್ದಿ ಹೋದರು. “ನಾನು ಬರೋವರೆಗೂ ಯಾರೂ ಇಳೀಬೇಡಿ” ಅಂತ ಬೆರಳು ತೋರಿಸಿ ಹೋದರು.

ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಡ್ರೈವರ್ ಇಂಜಿನ್ ಆರಿಸಿದ್ದಾರೆ. ಕಿವಿಗೊಟ್ಟು ಕೂತಿದ್ದೇವೆ. ಬೇಲಿ ಅಡ್ಡ, ಏನೂ ಕಾಣುವುದಿಲ್ಲ. ಎಲ್ಲೋ ಪಂಪ್‌ಸೆಟ್ಟಿನ ಸದ್ದು.

ಸೈಕಲ್ಲಿನಲ್ಲಿ ಒಬ್ಬ ಬಂದ. ಕಿಟಕಿಯಿಂದಲೇ ಕೇಳಿದೆ. “ಹೂಂ, ಮುದುಕಪ್ಪನ ಕೋಳಿ ಪೂರಾ ಹೋದ್ವು” ಅಂದ. “ಉಳಿದವರದು?” ಅಂದೆ. “ನಾನು ಬೇರೆ ಊರೋನು, ಗೊತ್ತಿಲ್ಲ” ಅಂತ ಪೆಡಲ್ ತುಳಿದ.

ಹಾಗಾದರೆ ರೋಗ ಊರೊಳಗೆ ಬಂದಿದೆ. ಕೋಳಿ ಅಕ್ಕನ ಬೇಲಿಯವರೆಗೂ ಬಂದಿದೆ. ಬೇಲಿಯ ಈಚೆ ಏನಾಗಿದೆ? ದೇವರೇ. ಡ್ರೈವರ್ ಸ್ಟಿಯರಿಂಗಿಗೆ ಹಣೆ ಆನಿಸಿ ಕೂತಿದ್ದಾರೆ.

ಎಷ್ಟು ಹೊತ್ತಾಯಿತು ಮೇಡಂ ಹೋಗಿ.

ಯಾರೋ ಬರುತ್ತಿದ್ದಾರೆ. ಮೇಡಂ. ಹಿಂದೆ ಕೋಳಿ ಅಕ್ಕ. ಕಂಕುಳಲ್ಲಿ ಏನೋ ಇದೆ. ದೂರ, ಸರಿಯಾಗಿ ಕಾಣುತ್ತಿಲ್ಲ. ಮೇಡಂ ತಲೆ ತಗ್ಗಿಸಿ ನಡೆಯುತ್ತಿದ್ದಾರೆ. ನಿಂತರು. ಕನ್ನಡಕಕ್ಕೆ ಕೈ ಹಾಕಿದರು. ತೆಗೆಯಬೇಡಿ, ಮೇಡಂ, ತೆಗೆಯಬೇಡಿ...

ತಲೆ ಮೇಲೆ! ಕನ್ನಡಕ ತಲೆ ಮೇಲೆ!

ಕಂಕುಳಲ್ಲಿರುವುದು ಚುಕ್ಕೆ ಹೇಂಟೆ. ಕತ್ತು ಎತ್ತಿ ಅರಚುತ್ತಿದೆ, ಕೋಳಿ ಅಕ್ಕ ಅದಕ್ಕಿಂತ ಜೋರಾಗಿ. “ಬೇಲಿ ಈಚೆ ಒಂದೂ ಬಿದ್ದಿಲ್ಲ, ಒಂದೂ ಬಿದ್ದಿಲ್ಲ” ಅಂತ ಇಲ್ಲಿಗೂ ಕೇಳಿಸುತ್ತಿದೆ. ಡ್ರೈವರ್ ಅಳುತ್ತಿದ್ದಾರೆ. ನನಗೂ ಅಕ್ಷರ ಮಂಜಾಗುತ್ತಿದೆ. ಅಯ್ಯೋ, ಡ್ರೈವರ್ ಬಾಗಿಲು ತೆಗೆದರು. ಇಳಿಯಬೇಡಿ ಅಂದೆ. ಕೇಳುತ್ತಿಲ್ಲ, ನಿನ್ನೆಯ ಬೂಟಿನಲ್ಲೇ ಓಡುತ್ತಾರೆ, ಇರಿ, ಇವರ ಅಂಗಿ ಹಿಡಿದು —