ಮುಷ್ಟಿಯಷ್ಟು ಇಂಜಿನ್

ತುಮಕೂರು,
ಗುರುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಗಂಗಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿ ಮಂಗಳಗೌರಿಯ ನಮಸ್ಕಾರಗಳು. ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡಿ. ನಿಮ್ಮ ಫೋನನ್ನು ಯಾವಾಗಲೂ ನಿಮ್ಮಲ್ಲಿರುವ ಅತ್ತೆಯೇ ಎತ್ತುತ್ತಾರೆ. ಅವರ ಎದೆ ತಡೆಯುವ ಸುದ್ದಿ ಇದಲ್ಲ. ಪಕ್ಕದ ಮನೆಯ ಬಿಂದುಶ್ರೀ ನಿಮ್ಮೂರು ಗುಬ್ಬಿಯ ಸ್ಕೂಲಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತಿದ್ದೇನೆ. ಒಬ್ಬರೇ ಓದಿಕೊಳ್ಳಿ.

ಇವರ ಇಂಜಿನ್ ಓಡಿತು ಅಕ್ಕ.

ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಇವರ ಬಲಗೈ ಬೆರಳುಗಳು ಹೋದಾಗ ಅದು ಅರ್ಧಕ್ಕೆ ನಿಂತಿತ್ತು. ನೀವೂ ನೋಡಿದ್ದಿರಲ್ಲ, ಹಿತ್ತಲ ಶೆಡ್ಡಿನಲ್ಲಿ, ಹಳೆ ಲೇತಿನ ಪಕ್ಕ. ಹೆಬ್ಬೆರಳ ಗಾತ್ರದ ಪಿಸ್ಟನ್ನು, ಪೆಟ್ರೋಲಿನಲ್ಲೇ ಓಡಬೇಕಾದ ಮುಷ್ಟಿಯಷ್ಟು ಇಂಜಿನ್. ಜೀವನವೆಲ್ಲ ಬೇರೆಯವರ ಡ್ರಾಯಿಂಗ್ ನೋಡಿ ಕಬ್ಬಿಣ ಕಡೆದವರು, ಇದೊಂದನ್ನು ತಮಗಾಗಿ ಮಾಡುತ್ತಿದ್ದರು. ಕೈ ಹೋದ ಮೇಲೆ ಶೆಡ್ಡಿಗೆ ಬೀಗ ಬಿತ್ತು, ಬಾಯಿಗೂ ಬಿತ್ತು. ಕೊನೆಗೆ ನಾನೇ ಬಾಗಿಲು ತೆಗೆದು, "ನೀವು ಹೇಳಿ, ನಾನ್ ಮಾಡ್ತೀನಿ" ಎಂದೆ.

ಮೊದಮೊದಲು ಬರೀ ಬೈಗುಳ. "ಅದೇನ್ ಸೌತೆಕಾಯೇನೇ, ಅಂಗೆ ಕುಯ್ಯೋಕೆ!" ಎನ್ನುತ್ತಿದ್ದರು. ಲೇತಿನಲ್ಲಿ ಕಡೆಯುತ್ತಾ ಎಷ್ಟು ಪಿಸ್ಟನ್ ಹಾಳು ಮಾಡಿದೆನೋ. ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು ಶಬ್ದದಲ್ಲೇ ತಪ್ಪು ಹಿಡಿಯುತ್ತಿದ್ದರು. "ಟೂಲ್ ಅಳ್ತೈತೆ, ನಿಲ್ಸೇ." ಬರಬರುತ್ತಾ ಆ ಅಳು ನನಗೂ ಕೇಳಿಸತೊಡಗಿತು. ನಾನು ಕಲಸಿ ಕೊಟ್ಟ ಅನ್ನವನ್ನು ಇವರು ನಗುತ್ತಾ ಉಂಡ ದಿನಗಳೂ ಇದ್ದವು. ಬದುಕು ದಾರಿಗೆ ಬಂತು ಎಂದುಕೊಂಡೆ.

ಎಲ್ಲ ಜೋಡಿಸಿದ ಮೇಲೆ ಇಂಜಿನ್ ಸ್ಟಾರ್ಟೇ ಆಗಲಿಲ್ಲ. ಫ್ಲೈವೀಲ್ ಚಕ್ರಕ್ಕೆ ದಾರ ಸುತ್ತಿ ಎಳೆದೂ ಎಳೆದೂ ಅಂಗೈಯಲ್ಲಿ ಬೊಬ್ಬೆ ಬಂತು. ಪಿಸ್ಟನ್ನಿನ ರಿಂಗ್ ಸಡಿಲ, ಹೊಸದು ಮಾಡು ಎಂದರು. ಮಾಡಿದೆ. ಆಗಲೂ ಇಲ್ಲ. ಚಕ್ರ ತಿರುಗಿಸುವಾಗ ಸಣ್ಣಗೆ ಉಸ್ಸೆನ್ನುವುದು ಮೇಲಿನ ವಾಲ್ವಿನಿಂದ ಎಂದು ನನಗೆ ಅನಿಸುತ್ತಿತ್ತು. ಭಾನುವಾರ ಇವರು ಕಟಿಂಗ್ ಮಾಡಿಸಲು ಶಿರಾ ಗೇಟಿಗೆ ಹೋದಾಗ ವಾಲ್ವ್ ಬಿಚ್ಚಿ, ಸಾಣೆ ಪೇಸ್ಟ್ ಹಚ್ಚಿ ಉಜ್ಜಿ, ಗಾಳಿ ಸೋರದ ಹಾಗೆ ಕೂರಿಸಿದೆ. ಇವರು ಬಂದ ಮೇಲೆ ದಾರ ಎಳೆದೆ. ಒಮ್ಮೆ ಕೆಮ್ಮಿತು, ಆಮೇಲೆ ಟರ್ರೆಂದು ಓಡೇ ಓಡಿತು! ನಾನು ಕುಣಿದಾಡಿಬಿಟ್ಟೆ.

"ಏನ್ ಮಾಡ್ದೆ?" ಎಂದರು. ವಾಲ್ವಿನ ವಿಷಯ ಹೇಳಿದೆ. "ಯಾರ್ ಹೇಳ್ಕೊಟ್ರು?" ಎಂದರು. ಯಾರೂ ಇಲ್ಲ, ಕೇಳಿಸ್ತು ಎಂದೆ.

ಎಡಗೈಯಲ್ಲಿ ನನ್ನ ಬೆನ್ನು ತಟ್ಟಿದರು. "ಬುಡು, ಪಾಸಾದೆ. ಇನ್ನು ನಾನ್ಯಾಕೆ ಕಣೇ?" ಎಂದು ನಕ್ಕರು. ತಮಾಷೆ ಎಂದುಕೊಂಡು ನಾನೂ ನಕ್ಕೆ. ಪೆಟ್ರೋಲ್ ಮುಗಿದು ಅದು ನಿಲ್ಲುವವರೆಗೂ ನೋಡುತ್ತಾ ನಿಂತಿದ್ದರು. ಆಮೇಲೆ ಶೆಡ್ಡಿಗೆ ಕಾಲಿಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಅಷ್ಟೇ. ಆಸ್ಪತ್ರೆಯಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದಾಗಲೂ ಇವರ ಮುಖ ಹೀಗೆ ಖಾಲಿಯಾಗಿರಲಿಲ್ಲ ಅಕ್ಕ. ಇವರನ್ನು ಎಬ್ಬಿಸಿ ಕೂರಿಸಬೇಕೆಂದು ಹಿಡಿದ ಕೆಲಸ ಅದು. ಇವರ ಕೈಯಿಂದ ಕಿತ್ತುಕೊಂಡ ಹಾಗಾಯಿತೇನೋ.

ಮಂಗಳವಾರ, ಜೊತೆ ಕೆಲಸ ಮಾಡಿದ ವೀರಭದ್ರಯ್ಯನವರ ಕುಣಿಗಲ್ಲಿನ ಮನೆಗೆ ಹೋಗಿಬರುತ್ತೇನೆಂದು ಹೊರಟವರು ಇನ್ನೂ ಬಂದಿಲ್ಲ. ಇಸ್ತ್ರಿ ಶರ್ಟು ಹಾಕಿಕೊಂಡಿದ್ದರು, ಗುಂಡಿ ನಾನೇ ಹಾಕಿದೆ. ಗೆಳೆಯನ ಜೊತೆ ಇದ್ದರೆ ಮನಸ್ಸು ಹಗುರಾದೀತು. ಅತ್ತೆ ಕೇಳಿದರೆ ಹಾಗೇ ಹೇಳಿ. ಅವರ ಮಾತ್ರೆ ತಪ್ಪಿಸಬೇಡಿ.

ನಿಮ್ಮ
ಮಂಗಳಗೌರಿ

ತಾ.ಕ.: ಮಡಿಸಿದ ಕಾಗದ ಮತ್ತೆ ಬಿಚ್ಚಿದೆ. ವೀರಭದ್ರಯ್ಯನವರಿಗೆ ಫೋನ್ ಮಾಡಿ ಕೇಳಿದ್ದೆ, ಇವರು ಅಲ್ಲಿಗೆ ಹೋಗಿಯೇ ಇಲ್ಲ ಅಕ್ಕ. ಫೋನನ್ನೂ ದಿಂಬಿನ ಕೆಳಗೆ ಬಿಟ್ಟು ಹೋಗಿದ್ದಾರೆ. ಬಿಂದುಶ್ರೀ ಬಸ್ಸು ಹತ್ತಿದ ಕೂಡಲೇ ನಾನು ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ. ನಿಮ್ಮಲ್ಲಿಗೆ ಬಂದರೆ ಏನೂ ಕೇಳಬೇಡಿ, ಮೊದಲು ಊಟಕ್ಕೆ ಬಡಿಸಿ. ಎಡಗೈಯಲ್ಲಿ ಉಣ್ಣಲು ನಾಚುತ್ತಾರೆ, ಬಡಿಸಿ ಈಚೆ ಬಂದುಬಿಡಿ. ನನಗೆ ಒಂದು ಮಿಸ್ಡ್ ಕಾಲ್ ಕೊಡಿ, ಸಾಕು.